ಓಡದ ಗಾಡಿಗೆ ಕಿರೀಟ

ಲಕ್ಷ ಡಾಲರ್‌ಗೂ ಮೇಲೆ ಬೆಲೆ ಕಟ್ಟುವ ಆಟಿಕೆ ಕಾರೊಂದಿದೆ. ಗುಲಾಬಿ ಬಣ್ಣ, ಅಂಗೈಯಲ್ಲಿ ಮುಚ್ಚಿಡುವಷ್ಟು ಗಾತ್ರ. ಹಾಟ್ ವೀಲ್ಸ್ ಸಂಗ್ರಾಹಕರಿಗೆ ಅದು ದೇವರ ಸಮಾನ. ಆ ದೇವರ ಮಹಿಮೆ ಏನು ಗೊತ್ತಾ? ಅದು ಸರಿಯಾಗಿ ಓಡ್ತಿರಲಿಲ್ಲ.

ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ ಹಾಟ್ ವೀಲ್ಸ್ ತಂದಾಗ ಡೈ-ಕಾಸ್ಟ್ ಕಾರು ಹೊಸದಾಗಿರಲಿಲ್ಲ. ಇಂಗ್ಲೆಂಡಿನ ಮ್ಯಾಚ್‌ಬಾಕ್ಸ್ ಆಗಲೇ ಮನೆಮಾತು. ಎಲಿಯಟ್ ಹ್ಯಾಂಡ್ಲರ್‌ಗೆ ಬೇಕಿದ್ದದ್ದು ಬರೀ ನೋಡೋ ಕಾರಲ್ಲ, ಓಡೋ ಕಾರು. ಜನರಲ್ ಮೋಟರ್ಸ್‌ನಿಂದ ಬಂದಿದ್ದ ಹ್ಯಾರಿ ಬೆಂಟ್ಲಿ ಬ್ರ್ಯಾಡ್ಲಿ ರೂಪ ಕೊಟ್ಟರು. ಕ್ಷಿಪಣಿ ಕೆಲಸ ಮಾಡಿ ಬಂದಿದ್ದ ಜ್ಯಾಕ್ ರಯಾನ್ ಎಂಜಿನಿಯರಿಂಗ್ ನೋಡಿಕೊಂಡರು. ಬಳುಕುವ ತೆಳು ತಂತಿಯ ಆಕ್ಸಲ್, ಘರ್ಷಣೆ ಕಮ್ಮಿಯಾಗಲು ಪ್ಲಾಸ್ಟಿಕ್ ಬೇರಿಂಗ್. ಮೊದಲ ವರ್ಷದ 16 ಕಾರುಗಳು ಗೆದ್ದದ್ದು ಮಿರುಗುವ ಬಣ್ಣದಿಂದ ಮಾತ್ರ ಅಲ್ಲ, ಓಟದಿಂದ.

ಮರುವರ್ಷ ಫೋಕ್ಸ್‌ವ್ಯಾಗನ್ ವ್ಯಾನಿನ ಆಕಾರದ 'ಬೀಚ್ ಬಾಂಬ್' ಸಿದ್ಧವಾಯ್ತು. ಹಿಂದಿನ ಕಿಟಕಿಯಿಂದ ಸರ್ಫ್ ಹಲಗೆಗಳು ಹೊರಚಾಚಿದ್ದವು. ನೋಡೋಕೆ ಚಂದ. ಆದರೆ ಮೈ ತೀರಾ ಕಿರಿದು, ಭಾರವೆಲ್ಲ ಮೇಲೆ. ಆಗ 'ಸೂಪರ್ ಚಾರ್ಜರ್' ಅಂತ ಒಂದು ಯಂತ್ರವಿತ್ತು. ತಿರುಗುವ ಎರಡು ಚಕ್ರಗಳು ಕಾರನ್ನು ಎರಡೂ ಪಕ್ಕದಿಂದ ಒತ್ತಿ ಟ್ರ್ಯಾಕ್ ಮೇಲೆ ಚಿಮ್ಮಿಸ್ತಿದ್ದವು. ಈ ವ್ಯಾನು ಅಲ್ಲಿ ಫೇಲ್ ಆಯ್ತು. ವಿನ್ಯಾಸಕಾರರು ಅಳುತ್ತಾ ಕೂರಲಿಲ್ಲ. ಪಕ್ಕಗಳನ್ನು ಅಗಲಿಸಿ, ಹಲಗೆಗಳನ್ನು ಅಲ್ಲಿಗೇ ಇಳಿಸಿ, ಭಾರ ಕೆಳಗೆ ತಂದರು. ವ್ಯಾನು ಓಡಿತು, ಅಂಗಡಿಗೆ ಬಂತು.

ಇಷ್ಟೆಲ್ಲ ಆದಮೇಲೆ ಕಿರೀಟ ಯಾರಿಗೆ? ಫೇಲಾದ ಮಾದರಿಗೆ! ಕೆಲಸ ಮಾಡಿದ ವಿನ್ಯಾಸ ಸಾಮಾನ್ಯ, ಮಾಡದ್ದು ಅಪರೂಪ. ನಮ್ಮ ಆಫೀಸುಗಳಲ್ಲೂ ಇದೇ ಅಲ್ವಾ? ಡೆಮೋದಲ್ಲಿ ಮಿಂಚಿದ ಪ್ರೋಟೋಟೈಪಿಗೆ ಚಪ್ಪಾಳೆ. ಅದನ್ನು ರಾತ್ರಿ ಕೂತು ಪ್ರೊಡಕ್ಷನ್ನಲ್ಲಿ ಓಡುವಂತೆ ಮಾಡಿದವನ ಹೆಸರು ಕೊನೇ ಸ್ಲೈಡಲ್ಲೂ ಇರಲ್ಲ.

"ಅಪರೂಪಕ್ಕೆ ಬೆಲೆ ಇರೋದು ಸಹಜ ಗುರೂ" ಅಂತೀರಿ. ಇರಬಹುದು. ಆದರೆ ಆ ಅಪರೂಪವನ್ನೂ ಈಗ ಫ್ಯಾಕ್ಟರಿಯಲ್ಲೇ ತಯಾರಿಸ್ತಾರೆ. 1995ರಲ್ಲಿ ಮ್ಯಾಟೆಲ್ 'ಟ್ರೆಷರ್ ಹಂಟ್' ಶುರುಮಾಡಿತು: 12 ಮಾದರಿ, ತಲಾ 10,000. ಕಾರಿನ ಜೊತೆ ಆಸೆಯನ್ನೂ ಪ್ಯಾಕ್ ಮಾಡಿ ಮಾರಿದರು. ಫಲ ಕಣ್ಣೆದುರಿಗಿದೆ. ಬೆಂಗಳೂರಿನ ಮಾಲಿನಲ್ಲಿ ಸ್ಟಾಕ್ ಬರ್ತಿದ್ದಂಗೆ ನನ್ನಂಥದೇ ಐಡಿ ಕಾರ್ಡ್ ನೇತುಹಾಕಿಕೊಂಡ ದೊಡ್ಡವರು ಪೆಗ್‌ಗಳನ್ನು ಗುಡಿಸಿಕೊಂಡು ಹೋಗ್ತಾರೆ. ಒಂದಿಷ್ಟು ಮರುಮಾರಾಟಕ್ಕೆ, ಉಳಿದದ್ದು ಪ್ಯಾಕೆಟ್ ಸಮೇತ ಗೋಡೆಗೆ. ಸಂಜೆ ಅಪ್ಪನ ಕೈಹಿಡಿದು ಬಂದ ಮಗುವಿಗೆ ಸಿಗೋದು ಖಾಲಿ ಕೊಕ್ಕೆ.

"ನನ್ನ ದುಡ್ಡು, ನನ್ನಿಷ್ಟ." ಸರಿ ಸ್ವಾಮಿ. ಆದರೆ ಅದನ್ನು 'ಡಿಸೈನ್ ಪ್ರೀತಿ' ಅಂತ ಕರೀಬೇಡಿ. ಪ್ಯಾಕೆಟ್ ಬಿಚ್ಚದವನಿಗೆ ಆ ಆಕ್ಸಲ್ ಬಳುಕೋದು ಹೇಗೆ ಗೊತ್ತಾಗ್ಬೇಕು? ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಮಾಡ್ತಿದ್ದ ನಮ್ಮೂರ ಹುಡುಗರಿಗೆ ವಿನ್ಯಾಸ ಅಂದ್ರೆ ಒಂದೇ ಪರೀಕ್ಷೆ: ಇಳಿಜಾರಲ್ಲಿ ಬಿಟ್ರೆ ನೆಟ್ಟಗೆ ಹೋಗ್ತದಾ? ಮ್ಯಾಟೆಲ್ ಎಂಜಿನಿಯರುಗಳು ಬೀಚ್ ಬಾಂಬಿಗೆ ಕೇಳಿದ್ದೂ ಅದನ್ನೇ.

ಬಿಚ್ರೀ ಪ್ಯಾಕೆಟ್ಟು. ಬಣ್ಣ ಕೆದರಲಿ. ಓಡಿ ಗೀರು ಬಿದ್ದ ಕಾರೇ ಅದನ್ನು ಮಾಡಿದವರಿಗೆ ಸಲ್ಲುವ ಮರ್ಯಾದೆ.