ಸಭಾಂಗಣ ಮುಚ್ಚಿದ ದಿನಗಳ ಸಹಾಯಾರ್ಥ

ಹೊರನಾಡಿನ ಕನ್ನಡ ಸಂಘಗಳಲ್ಲಿ 'ಸಹಾಯಾರ್ಥ ಪ್ರದರ್ಶನ' ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಬಡರೋಗಿಯ ಶಸ್ತ್ರಚಿಕಿತ್ಸೆಗೋ ವಿದ್ಯಾರ್ಥಿವೇತನದ ನಿಧಿಗೋ ಊರಿನ ಶಾಲೆಯ ಕಟ್ಟಡಕ್ಕೋ ಹಣ ಬೇಕಾದಾಗ ನಾವು ಒಂದು ಸಭಾಂಗಣವನ್ನು ಗೊತ್ತುಮಾಡುತ್ತೇವೆ. ಊರಿನಿಂದ ಯಕ್ಷಗಾನ ಮೇಳವನ್ನೋ ನಾಟಕದ ತಂಡವನ್ನೋ ಕರೆಸುತ್ತೇವೆ. ಟಿಕೆಟ್ ಪುಸ್ತಕಗಳನ್ನು ಹಂಚಿಕೊಂಡು ಬಂಧುಮಿತ್ರರ ಮನೆಬಾಗಿಲು ತಟ್ಟುತ್ತೇವೆ. ಕೇಂದ್ರ ಸರಕಾರದ ನೌಕರಿಯ ನಿಮಿತ್ತ ಹಲವು ನಗರಗಳನ್ನು ಸುತ್ತಿದ ನನಗೆ ವರ್ಗವಾಗಿ ಹೋದಲ್ಲೆಲ್ಲ ಸಂಘದ ಸದಸ್ಯತ್ವದ ಬೆನ್ನಿಗೇ ದೊರೆತದ್ದು ಇಂಥದೊಂದು ಟಿಕೆಟ್ ಪುಸ್ತಕ.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಈ ವ್ಯವಸ್ಥೆಯೂ ನಿಂತುಹೋಯಿತು. ನೆರವು ಬೇಕಾದವರ ಸಂಖ್ಯೆ ಹಠಾತ್ತನೆ ಹೆಚ್ಚಿದ ಹೊತ್ತಿನಲ್ಲೇ ನೆರವು ಕೂಡಿಸುವ ದಾರಿ ಮುಚ್ಚಿತು. ಜನ ಸೇರಿದರೆ ತಾನೆ ಹಣ ಸೇರುವುದು? ಜನ ಸೇರುವುದೇ ಅಪಾಯವಾದ ಕಾಲದಲ್ಲಿ ದಾನಕಾರ್ಯ ಯಾವ ರೂಪ ತಾಳಿತು, ಅದರಿಂದ ನಾವು ಕಲಿತದ್ದೇನು ಎಂಬುದನ್ನು ಈಗಲಾದರೂ ತಣ್ಣಗೆ ಕುಳಿತು ಯೋಚಿಸಬೇಕಾಗಿದೆ.

ಎರಡು ನಿದರ್ಶನಗಳನ್ನು ನೋಡೋಣ. ಮುಂಬಯಿಯ ಲಾಲ್‌ಬಾಗಿನಲ್ಲಿ 1934ರಿಂದ ನಡೆದುಬಂದ ಸಾರ್ವಜನಿಕ ಗಣೇಶೋತ್ಸವ ಜಗತ್ಪ್ರಸಿದ್ಧವಾದುದು. 2020ರಲ್ಲಿ ಮಹಾರಾಷ್ಟ್ರ ಸರಕಾರ ಸಾರ್ವಜನಿಕ ಮೂರ್ತಿಗಳ ಎತ್ತರವನ್ನು 4 ಅಡಿಗೆ ಮಿತಿಗೊಳಿಸಿತು. ಲಾಲ್‌ಬಾಗಿನ ಮಂಡಳಿ ಅಷ್ಟಕ್ಕೇ ನಿಲ್ಲದೆ, ಆ ವರ್ಷ ಮೂರ್ತಿಯನ್ನೇ ಪ್ರತಿಷ್ಠಾಪಿಸದೆ, ಉತ್ಸವದ ದಿನಗಳಲ್ಲಿ ರಕ್ತದಾನ ಮತ್ತು ಪ್ಲಾಸ್ಮಾದಾನದ ಶಿಬಿರಗಳನ್ನು ಏರ್ಪಡಿಸಿ ಅದನ್ನು ಆರೋಗ್ಯೋತ್ಸವವೆಂದು ಕರೆಯಿತು. ಉತ್ಸವ ರದ್ದಾಯಿತೆಂದು ಕೈಕಟ್ಟಿ ಕೂರದೆ, ಉತ್ಸವ ಯಾತಕ್ಕಾಗಿ ಎಂಬ ಮೂಲಪ್ರಶ್ನೆಯನ್ನು ಅದು ಕೇಳಿಕೊಂಡಿತು.

ಇನ್ನೊಂದು ನಿದರ್ಶನ ಬ್ರಿಟನ್ನಿನದು. ಟಾಮ್ ಮೂರ್ ಎಂಬ 99 ವರ್ಷದ ನಿವೃತ್ತ ಸೇನಾಧಿಕಾರಿ 2020ರ ಏಪ್ರಿಲ್‌ನಲ್ಲಿ, ತಮ್ಮ ನೂರನೆಯ ಹುಟ್ಟುಹಬ್ಬದೊಳಗೆ ಮನೆಯ ತೋಟದಲ್ಲಿ ನೂರು ಸುತ್ತು ನಡೆಯುವುದಾಗಿ ಸಂಕಲ್ಪಿಸಿದರು. ಆಸ್ಪತ್ರೆಗಳ ನೆರವಿಗಾಗಿ ಸಾವಿರ ಪೌಂಡು ಕೂಡಿಸುವುದು ಅವರ ಆರಂಭದ ಗುರಿ. ಊರುಗೋಲಿನ ಚೌಕಟ್ಟು ಹಿಡಿದು ನಡೆದ ಆ ವೃದ್ಧರನ್ನು ಪರದೆಯ ಮೇಲೆ ಕಂಡ ಜನ ಕೊಟ್ಟ ಮೊತ್ತ 3 ಕೋಟಿ ಪೌಂಡಿಗೂ ಮಿಕ್ಕಿತು. ಆ ಹಣ ಸೇರಬೇಕಾದಲ್ಲಿಗೇ ಸೇರಿತು. ಆದರೆ ಅನಂತರ ಅವರ ಹೆಸರಿನಲ್ಲಿ ಸ್ಥಾಪಿತವಾದ ಪ್ರತಿಷ್ಠಾನದ ಕಥೆ ಬೇರೆಯಾಯಿತು. ಅದರ ವ್ಯವಹಾರದಿಂದ ಕುಟುಂಬದವರು ವೈಯಕ್ತಿಕ ಲಾಭ ಪಡೆದರೆಂದು ಅಲ್ಲಿಯ ಚಾರಿಟಿ ಕಮಿಷನ್ 2024ರ ನವೆಂಬರ್‌ನಲ್ಲಿ ವರದಿ ಮಾಡಿತು. ಕರುಣೆಯಿಂದ ಹಣ ಬಲುಬೇಗ ಕೂಡಬಹುದು. ಅದನ್ನು ಕಾಪಾಡುವುದಕ್ಕೆ ಲೆಕ್ಕಪತ್ರವೇ ಬೇಕು.

ಇನ್ನು ನಮ್ಮ ಮನೆಯ ಮಾತು. ನಾನಿರುವ ಸಂಘವೂ ಆ ದಿನಗಳಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆಯನ್ನು ವಾಟ್ಸಾಪಿನಲ್ಲಿ ಹಂಚಿತು. ಸಭಾಂಗಣದ ಬಾಡಿಗೆಯಿಲ್ಲ, ಶಾಲು-ಫಲಪುಷ್ಪಗಳ ಸನ್ಮಾನವಿಲ್ಲ, ಅತಿಥಿಗಳ ದೀರ್ಘ ಭಾಷಣವೂ ಇಲ್ಲ. ಬಂದ ಹಣ ನೇರವಾಗಿ ದಿನಸಿ ಅಂಗಡಿಗೂ ಔಷಧದ ಅಂಗಡಿಗೂ ಹೋಯಿತು. ಐನೂರು ರೂಪಾಯಿಯ ಟಿಕೆಟ್ ಕೊಳ್ಳಲಾರದವರೂ ನೂರು ರೂಪಾಯಿ ಕಳಿಸಿದರು. ಈ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು, "ಕಾರ್ಯಕ್ರಮವಿಲ್ಲದೆಯೂ ನಿಧಿ ಕೂಡುತ್ತದೆಂದು ಗೊತ್ತಾಯಿತಲ್ಲ, ಇನ್ನು ಆ ಖರ್ಚಿನ ತಾಪತ್ರಯ ಯಾಕೆ?" ಎಂದು ಕೇಳಿದರು. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಒಟ್ಟು ಸಂಗ್ರಹದಲ್ಲಿ ದೊಡ್ಡ ಪಾಲನ್ನು ವೇದಿಕೆಯೇ ನುಂಗಿದ 'ಸಹಾಯಾರ್ಥ'ಗಳನ್ನು ನಾನೂ ಕಂಡಿದ್ದೇನೆ.

ಆದರೂ ನಾನು ಅದನ್ನು ಒಪ್ಪಲಾರೆ. ಕಾರಣ, ನಾವು ಖರ್ಚೆಂದು ಬರೆದ ಕಾಲಮಿನಲ್ಲಿ ಒಬ್ಬ ಮನುಷ್ಯನಿದ್ದ. ದೀಪಾವಳಿಯ ಅನಂತರ ಹೊರಡುವ ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ನಡೆಯುವುದು ವಾಡಿಕೆ. 2020ರಲ್ಲಿ ಅದು ಮಾರ್ಚ್‌ನಲ್ಲೇ ನಿಂತಿತು. ಮಳೆಗಾಲದಲ್ಲಿ ಕಲಾವಿದರ ಕೈಹಿಡಿಯುತ್ತಿದ್ದ ಮುಂಬಯಿ ಪ್ರವಾಸವೂ ಆ ವರ್ಷ ಇಲ್ಲವಾಯಿತು. ನಾವು ಉಳಿತಾಯವೆಂದು ಹೆಮ್ಮೆಪಟ್ಟದ್ದು ಅವರ ಮಳೆಗಾಲದ ಅನ್ನ. ನಮ್ಮಂಥ ಸರಕಾರಿ ನೌಕರರ ತುಟ್ಟಿಭತ್ಯೆ ಹದಿನೆಂಟು ತಿಂಗಳು ಶೇಕಡಾ 17ರಲ್ಲೇ ನಿಂತಿತ್ತು, ನಾವು ಗೊಣಗಿದೆವು. ಆದರೆ ತಿಂಗಳ ಕೊನೆಗೆ ಸಂಬಳ ಬಂತು. ಚೌಕಿಯಲ್ಲಿ ಬಣ್ಣ ಹಚ್ಚಿ ಬದುಕುವವನಿಗೆ ಆ ಭಾಗ್ಯವಿರಲಿಲ್ಲ. ಅನ್ಯರ ಸಹಾಯಾರ್ಥ ಕುಣಿದವನು ತಾನೇ ಸಹಾಯ ಬೇಡುವಂತಾದಾಗ ನಮ್ಮ ಪಟ್ಟಿಯಲ್ಲಿ ಅವನ ಹೆಸರು ಎಷ್ಟನೆಯದಾಗಿತ್ತು?

ಟಿಕೆಟ್ ಪುಸ್ತಕಕ್ಕೆ ಇನ್ನೊಂದು ಉಪಯೋಗವೂ ಇತ್ತು. ಅದನ್ನು ಹಿಡಿದು ಹೋದಾಗ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಕ್ಕಳು ಪರದೇಶ ಸೇರಿ ಹಿರಿಯರಿಬ್ಬರೇ ಉಳಿದಿದ್ದಾರೆ ಎಂಬುದು ತಿಳಿಯುತ್ತಿತ್ತು. ಖಾತೆಯ ಸಂಖ್ಯೆ ಹಣವನ್ನು ತರುತ್ತದೆ, ಸುದ್ದಿಯನ್ನು ತರುವುದಿಲ್ಲ. 2020ರಲ್ಲಿ ನಮಗೆ ದಾನಿಗಳ ಹೆಸರು ಗೊತ್ತಿತ್ತು. ಕೇಳಲು ಸಂಕೋಚಪಟ್ಟು ಸುಮ್ಮನಿದ್ದ ಸದಸ್ಯರ ಹೆಸರು ತಿಳಿದದ್ದು ಬಹಳ ತಡವಾಗಿ.

ಆದುದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದು, ಪ್ರತಿಯೊಂದು ಸಹಾಯಾರ್ಥ ಕಾರ್ಯಕ್ರಮದ ಆಯವ್ಯಯವನ್ನು, ಸನ್ಮಾನದ ಶಾಲಿನ ಬೆಲೆಯೂ ಸೇರಿದಂತೆ, ಮುಂದಿನ ಸಂಚಿಕೆಯಲ್ಲೇ ಪ್ರಕಟಿಸಬೇಕು. ಎರಡನೆಯದು, ಬಾಡಿಗೆ-ಅಲಂಕಾರಗಳನ್ನು ಕಡಿತಗೊಳಿಸೋಣ, ಆದರೆ ಕಲಾವಿದರ ಸಂಭಾವನೆಯನ್ನು ಮುಟ್ಟದಿರೋಣ. ಪ್ರತಿ ಪ್ರದರ್ಶನದ ನಿವ್ವಳ ಉತ್ಪನ್ನದಲ್ಲಿ ಒಂದು ಪಾಲನ್ನು ಅವರ ಆಪತ್ಕಾಲಕ್ಕೆ ತೆಗೆದಿಡೋಣ. ಮೂರನೆಯದು, ಫೋನಿನ ಮೂಲಕ ಕೊಡುವ ಕ್ರಮವನ್ನು ಸಣ್ಣ ದಾನಿಗಳಿಗಾಗಿ ಉಳಿಸಿಕೊಂಡು, ವರ್ಷಕ್ಕೊಮ್ಮೆಯಾದರೂ ಪ್ರತಿ ಸದಸ್ಯರ ಮನೆಗೆ ಖುದ್ದಾಗಿ ಹೋಗಿಬರುವ ಪರಿಪಾಠವನ್ನು ಮತ್ತೆ ಆರಂಭಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಎದ್ದುನಿಂತು ಕೇಳಿದರೆ ಸಾಕು. ಮತ್ತೊಂದು ಸಾಂಕ್ರಾಮಿಕ ಬರುವ ಮೊದಲು ಕೇಳಿದರೆ ಒಳ್ಳೆಯದು.