ಪಾಲಿಶ್ ಅಂದ್ರ ತಿಕ್ಕೋದು, ವ್ಯಾಕ್ಸ್ ಅಂದ್ರ ಹೊದಿಸೋದು

ಕಾರಿಗೆ ಏನು ಹಚ್ಚಬೇಕು, ಏನು ಬ್ಯಾಡ ಅನ್ನೋದನ್ನ ನಾವು ಗಂಡಸರ ಮಾತು ಅಂತ ಬಿಟ್ಟುಬಿಟ್ಟೇವಿ. ಬಿಲ್ ಮಾತ್ರ ಮನಿ ರೊಕ್ಕದಾಗಿಂದಽ ಹೋಗ್ತದ. ನಮ್ಮ ನಾದಿನಿ ಹೋದ ತಿಂಗಳ ತನ್ನ ಪಗಾರದ ಮ್ಯಾಲೆ ಬ್ಯಾಂಕಿನಾಗ ಸಾಲಾ ಮಾಡಿ ಸಣ್ಣದೊಂದು ಬಿಳೇ ಕಾರು ತಗೊಂಡ್ಲು. ಧಾರವಾಡದಿಂದ ನವಲಗುಂದದ ಕಡೆ ಸಾಲಿಗೆ ದಿನಾ ಹೋಗಿ ಬರಾಕಿ. ಕಾರು ಮನಿಗೆ ಬಂದ ಎರಡನೇ ದಿನಾನ, "ವೈನಿ, ಪಾಲಿಶ್ ಮಾಡಸ್ಲೋ, ವ್ಯಾಕ್ಸ್ ಹಚ್ಚಲೋ, ಎಲ್ಲಾರೂ ಸಿರಾಮಿಕ್ ಸಿರಾಮಿಕ್ ಅನ್ನಾಕತ್ಯಾರ, ಅದನ್ನ ಮಾಡಸ್ಲೋ?" ಅಂತ ಕೇಳಿದ್ಲು. ಅದಾದ ಮ್ಯಾಲೆ ಬಾಜೂಮನಿ ಕಾಕೂನೂ ಮಗನ ಕಾರಿನ ಸಲುವಾಗಿ ಅದನ್ನಽ ಕೇಳಿದ್ರು. ಇಬ್ಬರಿಗೂ ಹೇಳಿದ್ದನ್ನಽ ಇಲ್ಲೆ ಬರ್ದೇನಿ.

ನನ್ನ ಅಭಿಪ್ರಾಯ ಮೊದಲಽ ಹೇಳಿಬಿಡ್ತೇನಿ. ಹೊಸಾ ಗಾಡಿಗೆ ಪಾಲಿಶ್ ಬ್ಯಾಡ, ವ್ಯಾಕ್ಸ್ ಬೇಕು. ವ್ಯಾಕ್ಸಿಗಿಂತಾ ಮೊದಲು ಒರಸೋ ಅರಿವಿ ಬದಲಾಗಬೇಕು. ಸಿರಾಮಿಕ್ ಮಾತು ಆಮ್ಯಾಲೆ.

ಪಾಲಿಶ್, ವ್ಯಾಕ್ಸ್ ಎರಡೂ ಒಂದಽ ಅಂತ ಅಂಗಡಿಯವರೂ ತಿಳ್ಕೊಂಡಿರ್ತಾರ. ಹಂಗಲ್ಲ. ಹಿತ್ತಾಳಿ ದೀಪ ಬೆಳಗೋರಿಗೆ ಇದು ಲಗೂನ ತಿಳೀತದ. ಹುಣಸಿಹಣ್ಣು ಹಚ್ಚಿ ಬೂದಿ ಹಾಕಿ ತಿಕ್ಕಿದ್ರ ಮ್ಯಾಲೆ ಕಪ್ಪಾಗಿದ್ದ ಪದರು ಹೋಗಿ ಒಳಗಿಂದು ಹೊಳೀತದ. ಹೊಳಪು ಬಂತು ಅಂದ್ರ ಏನೋ ಒಂದಿಷ್ಟು ಹೋತು ಅಂತ ಅರ್ಥ. ಅಜ್ಜಿ ಕಾಲದ ದೀಪದ ಮ್ಯಾಲಿನ ನಕಾಶಿ ಸವದು ಸಪಾಟ ಆಗಿದ್ದನ್ನ ನೀವೂ ನೋಡಿರ್ತೀರಿ. ಕಾರಿನ ಪಾಲಿಶ್ ಮಾಡೋದೂ ಅದಽ ಕೆಲಸ. ಅದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹರಳಿನ ಪುಡಿ ಇರ್ತದ, ಅದು ಬಣ್ಣದ ಮ್ಯಾಲಿನ ಪದರನ್ನ ತಿಕ್ಕಿ ಸಪಾಟ ಮಾಡ್ತದ. ಗೀಚಿದ ಗೆರಿ ಹೋಗ್ತಾವ ಅಂದ್ರ ಗೆರಿ ತುಂಬಿಕೊಂಡು ಅಲ್ಲ, ಗೆರಿಯ ಆಜೂಬಾಜೂ ಇದ್ದದ್ದು ಸವದು ಗೆರಿಯ ಮಟ್ಟಕ್ಕ ಬಂತು ಅಂತ.

ಈಗಿನ ಕಾರುಗಳಿಗೆ ಸಾಮಾನ್ಯವಾಗಿ ಕೆಳಗ ಪ್ರೈಮರ್, ಅದರ ಮ್ಯಾಲೆ ಬಣ್ಣ, ಎಲ್ಲಾಕಿಂತಾ ಮ್ಯಾಲೆ ಗಾಜಿನಂಥಾ ಒಂದು ಪದರು ಇರ್ತದ. ಅದಕ್ಕ ಕ್ಲಿಯರ್ ಕೋಟ್ ಅಂತಾರ. ಮಳಿ, ಬಿಸಲು ಎಲ್ಲಾ ತಡ್ಕೊಳ್ಳೋದು ಅದಽ. ಅದರ ದಪ್ಪ ಎಷ್ಟು ಅಂದ್ರ 35ರಿಂದ 50 ಮೈಕ್ರಾನ್ ಆಜೂಬಾಜು. ನಮ್ಮ ತಲಿಯ ಒಂದು ಕೂದಲು ಸುಮಾರು 70 ಮೈಕ್ರಾನ್ ಇರ್ತದ. ಒಂದು ಕೂದಲಿನಷ್ಟೂ ದಪ್ಪ ಇಲ್ಲದ ಪದರನ್ನ ಪ್ರತಿ ಸರ್ವಿಸಿಂಗ್‌ನಾಗ "ರಬ್ಬಿಂಗ್, ಪಾಲಿಶಿಂಗ್" ಅಂತ ತಿಕ್ಕಿಸಿಕೊಂಡು ಬಂದ್ರ ಹತ್ತು ವರ್ಷಕ್ಕ ಏನು ಉಳೀತದ? ಬಾನೆಟ್ ಮ್ಯಾಲೆ ಬಿಳೀ ಬಿಳೀ ಹೊಪ್ಪಳಿಕಿ ಎದ್ದಂಗ ಕಾಣೋ ಹಳೇ ಗಾಡಿ ನೋಡೀರಲ್ಲ, ಈ ಪದರು ಹೋದ ಗಾಡಿ ಅವು. ಅದಕ್ಕ ಆಮ್ಯಾಲೆ ವ್ಯಾಕ್ಸೂ ಇಲ್ಲ, ಪಾಲಿಶೂ ಇಲ್ಲ, ಮತ್ತ ಬಣ್ಣಾನಽ ಹೊಡಸಬೇಕು.

ಹಂಗಂತ ಪಾಲಿಶ್ ಕೆಟ್ಟದ್ದು ಅಂತಲ್ಲ. ನಾಕೈದು ವರ್ಷದ ಗಾಡಿ ಮಂಕಾಗಿ, ಬಿಸಲಿನಾಗ ಜೇಡರ ಬಲಿಯಂಗ ಗೆರಿ ಕಾಣ್ತಿದ್ರ, ಕೈ ಕುಂತವರ ಕಡೆ ಒಮ್ಮೆ ಮಾಡಸ್ರಿ. ಉಗುರು ಆಡಿಸಿ ನೋಡ್ರಿ. ಉಗುರು ಗೆರಿಯೊಳಗ ಸಿಕ್ಕಿತು ಅಂದ್ರ ಅದು ಪಾಲಿಶ್‌ಗೆ ಹೋಗೋ ಗೆರಿ ಅಲ್ಲ, ರೊಕ್ಕ ಉಳಸ್ಕೊಳ್ರಿ. ಇನ್ನೊಂದು, ಕೆಲವೊಂದು ಅಗ್ಗದ ಪಾಲಿಶ್‌ದಾಗ ಎಣ್ಣಿ ಅಂಶ ಭಾಳ ಇರ್ತದ. ಹಚ್ಚಿದ ದಿನ ಗೆರಿ ಮುಚ್ಚಿ ಮಿರಿಮಿರಿ ಅಂತದ, ಎರಡು ಸಲ ತೊಳದ್ರ ಎಲ್ಲಾ ಗೆರಿ ವಾಪಸ್ ಬರ್ತಾವ.

ಇನ್ನ ವ್ಯಾಕ್ಸ್. ಇದು ಏನನ್ನೂ ತಗಿಯೋದಿಲ್ಲ, ಮ್ಯಾಲೆ ಹೊದಿಕಿ ಆಗಿ ಕೂಡ್ತದ. ಡಬ್ಬಿ ಮ್ಯಾಲೆ ಕಾರ್ನೌಬಾ ಅಂತ ಬರದಿರ್ತದಲ್ಲ, ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಾಗ ಬೆಳಿಯೋ ಒಂದು ತಾಳಿ ಜಾತಿ ಗಿಡದ ಎಲಿಯಿಂದ ಬರೋ ಮೇಣ. ಬಿಸಲಿನಾಗ ನೀರು ಆರಿ ಹೋಗಬಾರದು ಅಂತ ಆ ಗಿಡ ತನ್ನ ಎಲಿಗೆ ತಾನಽ ಬಳ್ಕೊಂಡಿರ್ತದ. ಎಲಿ ಕಡದು ಒಣಗಿಸಿ ಬಡದ್ರ ಮೇಣ ಪುಡಿಯಾಗಿ ಉದರ್ತದ. ನಮಗಿದು ಹೊಸಾದೇನಲ್ಲ. ಲಿಪ್‌ಸ್ಟಿಕ್‌ನಾಗ ಅದ, ಹುಡುಗರು ತಿನ್ನೋ ಬಣ್ಣಬಣ್ಣದ ಚಾಕಲೇಟ್ ಗುಳಿಗಿ ಮ್ಯಾಲಿನ ಹೊಳಪೂ ಎಷ್ಟೋ ಸಲ ಇದರಿಂದನ ಬಂದಿರ್ತದ. ಜೇನುಮೇಣ 62-64 ಡಿಗ್ರಿಗೇನ ಕರಗ್ತದ, ಇದು 82ರ ಮ್ಯಾಲೆ ಹೋಗಬೇಕು. ಏಪ್ರಿಲ್ ಬಿಸಲಾಗ ಕರೇ ಕಾರಿನ ಬಾನೆಟ್ ಮುಟ್ಟಿ ನೋಡಿದವರಿಗೆ ಈ ಫರಕು ಯಾಕ ಬೇಕು ಅಂತ ಹೇಳಬೇಕಾಗಿಲ್ಲ.

ಕಾರ್ನೌಬಾದ ಕೊರತಿ ಏನಂದ್ರ ಭಾಳ ದಿನ ನಿಲ್ಲೂದಿಲ್ಲ. ಒಂದೂವರಿ ಎರಡು ತಿಂಗಳಿಗೆ ಮತ್ತ ಹಚ್ಚಬೇಕು. ಸೀಲಂಟ್ ಅಂತ ಇನ್ನೊಂದು ಬರ್ತದ, ಕಾರಖಾನಿಯೊಳಗ ತಯಾರಾದ ಪಾಲಿಮರ್. ಅದು ಗಟ್ಟಿ, ನಾಕೈದು ತಿಂಗಳ ತಡೀತದ. ಕಾರ್ನೌಬಾದ ಹೊಳಪು ಮಾತ್ರ ಹೆಚ್ಚು ತುಂಬಿಕೊಂಡಂಗ, ಹಸೀ ಹಸೀ ಇದ್ದಂಗ ಕಾಣ್ತದ. ಆದ್ರ ಆ ಚಂದ ಎದ್ದು ಕಾಣೋದು ಕರೀ, ಕೆಂಪು, ಕಡುನೀಲಿ ಗಾಡಿಗೆ. ಬಿಳೇ ಕಾರಿಗೆ ಅಷ್ಟು ಫರಕು ಕಾಣೂದಿಲ್ಲ. ಅದಕ್ಕ ನಾದಿನಿಗೆ ಸೀಲಂಟ್ ತಗೋ ಅಂದೆ. ಮೇ ಕಡೀಗೊಮ್ಮೆ, ಮಳಿಗಾಲ ಸುರು ಆಗೋದರೊಳಗ, ಇನ್ನೊಮ್ಮೆ ದೀಪಾವಳಿ ಹೊತ್ತಿಗೆ. ಕಾಕೂನ ಮಗನ ಗಾಡಿ ಕರೇದು, ಹುಡುಗನಿಗೆ ಭಾನುವಾರ ಮೊಬೈಲ್ ಬಿಟ್ಟು ಬ್ಯಾರೆ ಕೆಲಸಾನೂ ಇಲ್ಲ. ಅವ ಬೇಕಾದ್ರ ಕಾರ್ನೌಬಾ ಹಚ್ಚಲಿ. ಎರಡೂ ಡಬ್ಬಿ ಸಾವಿರದ ಒಳಗಽ ಸಿಗ್ತಾವ.

ತಗೊಳ್ಳುವಾಗ ಡಬ್ಬಿ ತಿರುವಿ ಓದ್ರಿ. "ಕ್ಲೀನರ್ ವ್ಯಾಕ್ಸ್", "ಪಾಲಿಶ್ ಮತ್ತು ವ್ಯಾಕ್ಸ್ ಎರಡೂ ಒಂದರಾಗ" ಅಂತ ಇದ್ರ ಅದರಾಗ ತಿಕ್ಕೋ ಪುಡೀನೂ ಇರೋ ಸಂಭವ ಅದ. ಹೊಸಾ ಗಾಡಿಗೆ ಅದು ಬ್ಯಾಡ. ಡ್ಯಾಶ್‌ಬೋರ್ಡ್ ಪಾಲಿಶ್ ಅಂತ ಸಿಗೋದು ಬ್ಯಾರೇನ ಸಾಮಾನು, ಒಳಗಿನ ಪ್ಲಾಸ್ಟಿಕ್ಕಿಗೆ ಹಚ್ಚೋದು. ಅದನ್ನ ಉತ್ಸಾಹದಾಗ ಸ್ಟೇರಿಂಗಿಗೆ, ಬ್ರೇಕ್ ಪೆಡಲ್ಲಿಗೆ ಹಚ್ಚೀರಿ ಮತ್ತ, ಕೈಕಾಲು ಜಾರ್ತಾವ. ಮ್ಯಾಟ್ ಬಣ್ಣದ ಗಾಡಿ ಇದ್ರ ಈ ಯಾವುದೂ ಹಚ್ಚೋ ಹಂಗಿಲ್ಲ.

ಸಿರಾಮಿಕ್ ವಿಷಯ. ನಾದಿನಿಯ ಗಾಡಿ ಬಿಲ್ಲಿನಾಗ "ಪೇಂಟ್ ಪ್ರೊಟೆಕ್ಷನ್" ಅಂತ 18,000 ರೂಪಾಯಿ ಮೊದಲಽ ಸೇರಿಸಿ ಇಟ್ಟಿದ್ರು. ನಾನೂ ಜೋಡಿ ಹೋಗಿದ್ದೆ. "ಇದು ಏನು ಹಚ್ಚತೀರಿ, ವ್ಯಾಕ್ಸೋ, ಸೀಲಂಟೋ, ಸಿರಾಮಿಕ್ಕೋ?" ಅಂತ ಕೇಳಿದೆ. ಟೈ ಕಟ್ಟಿದ ಹುಡುಗ, "ಮೇಡಮ್, ಅದು ಕೋಟಿಂಗ್" ಅಂದ. ಯಾವ ಕೋಟಿಂಗಪಾ ಅಂದ್ರ, "ಒಳ್ಳೆ ಕೋಟಿಂಗ್ ಮೇಡಮ್, ಎಲ್ಲಾರೂ ಮಾಡಸ್ತಾರ" ಅಂದ. ನಾದಿನಿ ಒಂದು ಮಾತೂ ಆಡದಽ ಆ ಸಾಲಿನ ಮ್ಯಾಲೆ ಪೆನ್ನಿಲೆ ಗೆರಿ ಹೊಡದ್ಲು. ಆಕಿಯ ಕಂತಿನ ಲೆಕ್ಕದಾಗ ಅದು ಎರಡು ತಿಂಗಳ ಕಂತು.

ಸಿರಾಮಿಕ್ ಕೋಟಿಂಗ್ ಸುಳ್ಳು ಅಂತ ನಾ ಹೇಳೂದಿಲ್ಲ. ಸಿಲಿಕಾ ಅಂಶದ ದ್ರವ ಅದು, ಬಣ್ಣಕ್ಕ ಗಟ್ಟಿ ಹತ್ತಿ ಕೂಡ್ತದ, ವ್ಯಾಕ್ಸಿಗಿಂತಾ ಭಾಳ ದಿನ ಇರ್ತದ, ತೊಳಿಯೋದೂ ಸಲೀಸು. ನನ್ನ ತಕರಾರು ಇರೋದು ಮಾರೋ ರೀತಿಗೆ. "9H ಗಟ್ಟಿ" ಅಂತ ಬೋರ್ಡ್ ಹಾಕ್ತಾರ. ಕೇಳಿದವರು ವಜ್ರಕ್ಕಿಂತಾ ಒಂದು ಮೆಟ್ಟಲ ಕೆಳಗ ಅಂತ ತಿಳ್ಕೋತಾರ. ಆ 9H ಅನ್ನೋದು ಪೆನ್ಸಿಲ್ ಅಳತಿ. ಸಾಲಿ ಹುಡುಗರ ಎಚ್‌ಬಿ ಪೆನ್ಸಿಲ್, ಡ್ರಾಯಿಂಗಿನ 2H ಪೆನ್ಸಿಲ್ ಇರ್ತಾವಲ್ಲ, ಅದಽ ಸಾಲಿನ ಗಟ್ಟಿ ಪೆನ್ಸಿಲ್ಲಿಲೆ ಗೀಚಿದ್ರ ಗೆರಿ ಬೀಳೂದಿಲ್ಲ ಅಂತ ಅಷ್ಟಽ ಅರ್ಥ. ಹರಳಿನ ಗಟ್ಟಿತನದ ಅಳತಿಗೂ ಅದಕ್ಕೂ ಸಂಬಂಧ ಇಲ್ಲ. ಪದರು ಒಂದೆರಡು ಮೈಕ್ರಾನ್ ಇರ್ತದ. ಹೈವೇದಾಗ ಲಾರಿ ಗಾಲಿಯಿಂದ ಸಿಡಿಯೋ ಖಡಿಗೆ ಅದು ತಡಿಯಾಗೂದಿಲ್ಲ, ಹೊಲಸು ಅರಿವಿಯಿಂದ ಬೀಳೋ ಗೆರಿಗೂ ಆಗೂದಿಲ್ಲ. ಅದರ ಗ್ಯಾರಂಟಿ ಕಾಗದ ಓದಿದ್ರ ಎಷ್ಟೋ ಕಡೆ ವರ್ಷಾ ಅವರ ಹತ್ರಾನ ರೊಕ್ಕ ಕೊಟ್ಟು ಮೇಂಟೆನನ್ಸ್ ಮಾಡಸಬೇಕು ಅಂತ ಇರ್ತದ. ದುಡಿದವರು ಆಸೆಯಿಂದ ಮಾಡಸ್ಕೊಳ್ಳಲಿ, ಬ್ಯಾಡ ಅನ್ನೂದಿಲ್ಲ. ಸಾಲದ ಗಾಡಿಗೆ, ಬಯಲಾಗ ನಿಂದರೋ ಗಾಡಿಗೆ, ಒಂದು ಬಕೀಟು ನೀರಿನಾಗ ಒರಸೋ ಗಾಡಿಗೆ ಅದು ಬ್ಯಾಡ ಅಂತ ನನ್ನ ಮಾತು.

ಯಾಕಂದ್ರ ಖರೇ ಹಾನಿ ಆಗೋದು ಈ ಒರಸೋದರಾಗ. ನಮ್ಮ ಧಾರವಾಡದ ಕೆಂಪು ಧೂಳು, ನವಲಗುಂದದ ಎರಿಮಣ್ಣು ಎರಡೂ ಕಾರಿನ ಮ್ಯಾಲೆ ಕುಂತಿರ್ತಾವ. ಧೂಳಿನಾಗ ಉಸುಕಿನ ಕಣ ಇರ್ತಾವ, ಕ್ಲಿಯರ್ ಕೋಟಿಗಿಂತಾ ಅವು ಎಷ್ಟೋ ಗಟ್ಟಿ. ಮುಂಜಾನೆ ಎದ್ದು ಹಳೇ ಬನೀನು ಹಿಂಡಿ ಸರಕ್ ಸರಕ್ ಒರಸಿದ್ರ ಉಸುಕಿನ ಕಾಗದದಿಂದ ತಿಕ್ಕಿದಂಗಽ ಆತು. ಒಣಾ ಅರಿವಿಯಿಂದ ಝಾಡಿಸೋದಂತೂ ಇನ್ನೂ ಕೆಟ್ಟದ್ದು.

ಇದಕ್ಕ ಎಲ್ಲಾರೂ ಬೈಯೋದು ಗಾಡಿ ತೊಳಿಯೋ ಹುಡುಗನಿಗೆ. ನಮ್ಮ ಓಣ್ಯಾಗ ಒಬ್ಬಾವ ನಸುಕಿನಾಗ ಬರ್ತಾನ, ಹತ್ತು ಗಾಡಿಗೆ ಒಂದಽ ಬಕೀಟು, ಒಂದಽ ಅರಿವಿ. ಪಾಪ, ಆ ಬಕೀಟು ಯಾರ ಮನೀದು, ಅರಿವಿ ಯಾರು ಕೊಟ್ಟಿದ್ದು? ಎಂಟು ಲಕ್ಷದ ಗಾಡಿಗೆ ನಾವಽ ಹರದ ಪೆಟಿಕೋಟು ಕೊಟ್ಟಿರ್ತೇವಿ. ಎರಡು ಬಕೀಟು ಕೊಡ್ರಿ, ಒಂದರಾಗ ಕಾರಿನ ಶಾಂಪೂ, ಇನ್ನೊಂದರಾಗ ಬರೇ ನೀರು, ಅರಿವಿ ಜಾಲಿಸ್ಲಿಕ್ಕೆ. ಮೊದಲು ಪೈಪಿನಿಂದನೋ ತಂಬಿಗಿಯಿಂದನೋ ನೀರು ಸುರುವಿ ಮಣ್ಣು ಇಳಿಸಿ, ಆಮ್ಯಾಲೆ ಅರಿವಿ ಮುಟ್ಟಸ್ಲಿ. ದಿನಾ ಬ್ಯಾಡ, ವಾರಕ್ಕೊಮ್ಮೆ ಸಾಕು. ದಿನದ ಪಗಾರ ಕಡಿಮಿ ಮಾಡಬ್ಯಾಡ್ರಿ ಮತ್ತ, ಕೆಲಸ ಹೆಚ್ಚಽ ಆಗ್ತದ ಅವಂಗ. ಬೋರಿನ ನೀರು ಇದ್ದವರು ಬಿಸಲಾಗ ತೊಳಿಸಿ ಹಂಗಽ ಆರಾಕ ಬಿಡಬ್ಯಾಡ್ರಿ, ಸ್ಟೀಲ್ ಕೊಡದ ಮ್ಯಾಲೆ ಕೂಡೋ ಬಿಳೇ ಕಲಿ ಗಾಡಿ ಮ್ಯಾಲೂ ಕೂಡ್ತದ.

ಅಡಗೀಮನಿ ಔಷಧ ಬಗ್ಗೆ ಒಂದೆರಡು ಮಾತು. ಪಾತ್ರಿ ತಿಕ್ಕೋ ಲಿಕ್ವಿಡ್ ಜಿಡ್ಡು ಬಿಡಿಸಾಕ ಅಂತನಽ ಮಾಡಿದ್ದು, ಗಾಡಿಗೆ ಹಾಕಿದ್ರ ಹಚ್ಚಿದ ವ್ಯಾಕ್ಸೂ ಇಳಿಸ್ಕೊಂಡು ಹೋಗ್ತದ. ಟೂತ್‌ಪೇಸ್ಟ್ ಹಚ್ಚಿ ಗೆರಿ ತಗಿಯೋದೂ ತಿಕ್ಕೋದಽ, ಅದೂ ಅಳತಿ ಇಲ್ಲದ ತಿಕ್ಕೋದು. ಕೊಬ್ಬರಿಎಣ್ಣಿ, ಡೀಸೆಲ್ ಸವರಿದ್ರ ಒಂದು ತಾಸು ಮಿಂಚತದ, ಆಮ್ಯಾಲೆ ಊರಿನ ಧೂಳೆಲ್ಲಾ ಅದಕ್ಕಽ ಹತ್ತತದ.

ಇನ್ನ ನಮ್ಮ ಕೈಯಾಗಽ ಇರೋ ಒಂದು ಮಾತು, ಪೂಜಿ. ಅಮಾಸಿಗೊಮ್ಮೆ, ಖಂಡೇಪೂಜಿಗೊಮ್ಮೆ ಗಾಡಿಗೆ ಅರಿಷಿಣ ಕುಂಕುಮ ಹಚ್ಚತೇವಿ, ಲಿಂಬಿಹಣ್ಣು ಹಿಂಡತೇವಿ, ಕಾಯಿ ಒಡದು ಆ ನೀರು ಬಾನೆಟ್ ಮ್ಯಾಲೆ ಸಿಂಪಡಸ್ತೇವಿ. ಬ್ಯಾಡ ಅನ್ನಾಕ ನಾ ಯಾರು? ಅರಿಷಿಣದ ಕಲೆ ಬಿಸಲಿಗೆ ಮಾಸಿ ಹೋಗ್ತದ, ಸೀರಿ ಮ್ಯಾಲಿನದು ಹೋದಂಗ. ಪ್ಯಾಟಿ ಕುಂಕುಮದಾಗಿನ ಬಣ್ಣ ಹಂಗಲ್ಲ, ಬಿಳೇ ಗಾಡಿ ಮ್ಯಾಲೆ ಗುಲಾಬಿ ಕಲೆ ಉಳೀತದ. ಲಿಂಬಿರಸ ಹುಳಿ, ಬಿಸಲಾಗ ಆರಿದ್ರ ಕಚ್ಚತದ. ಗಾಜಿನ ಮ್ಯಾಲೆ, ನಂಬರ್ ಪ್ಲೇಟಿನ ಮ್ಯಾಲೆ ಹಚ್ಚಿದ್ರೂ ದೇವರು ಒಪ್ಪಿಕೋತಾನ. ಮೊದಲಽ ವ್ಯಾಕ್ಸ್ ಇದ್ದ ಗಾಡಿ ಆದ್ರ ಕಲೆ ವ್ಯಾಕ್ಸಿನ ಮ್ಯಾಲೆ ಕುಂತಿರ್ತದ, ಸಂಜಿಗೇ ತೊಳದ್ರ ಹೋಗ್ತದ. ಹಕ್ಕಿ ಹಿಕ್ಕಿಗೂ ಇದಽ ಮಾತು. ಕೆರಿಯಬ್ಯಾಡ್ರಿ, ಹಸೀ ಅರಿವಿ ಹತ್ತು ನಿಮಿಷ ಮುಚ್ಚಿಟ್ಟು ಮೆತ್ತಗ ಎತ್ತಿ ತಗೀರಿ.

ಹಚ್ಚೋದು ಹೆಂಗ ಅಂದ್ರ, ನೆಳ್ಳಾಗ, ಗಾಡಿ ತಣ್ಣಗಿದ್ದಾಗ, ತೊಳದು ಒಣಗಿಸಿದ ಮ್ಯಾಲೆ. ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಅಲ್ಲ, ಹಂಚಿಗೆ ಎಣ್ಣಿ ಒರಸಿದಂಗ ತೆಳ್ಳಗ. ಒಂದೊಂದಽ ಭಾಗ ಮಾಡ್ಕೊಂಡು ಹೋಗಿ, ಮಬ್ಬು ಮಬ್ಬು ಆರಿದ ಮ್ಯಾಲೆ ಬ್ಯಾರೆ ಅರಿವಿಯಿಂದ ಒರಸಿ ತಗೀರಿ. ಕರೇ ಪ್ಲಾಸ್ಟಿಕ್ ಅಂಚಿಗೆ ತಾಗಿಸಬ್ಯಾಡ್ರಿ, ಬೆಳ್ಳಗ ಕಲೆ ನಿಂದರ್ತದ. ಗುದ್ದಿಸ್ಕೊಂಡು ಹೊಸಾ ಬಣ್ಣ ಹೊಡಿಸಿದ್ದಿದ್ರ ಆ ಭಾಗಕ್ಕ ಒಂದೆರಡು ತಿಂಗಳ ಏನೂ ಬ್ಯಾಡ, ಹೊಡದವರನ್ನಽ ಕೇಳಿ ಹಚ್ಚರಿ. ವ್ಯಾಕ್ಸ್ ಅದನೋ ಹೋತೋ ಅನ್ನೋದು ನೀರು ಸಿಂಪಡಿಸಿದ್ರ ತಿಳೀತದ. ಕೆಸವಿನ ಎಲಿ ಮ್ಯಾಲಿನಂಗ ಹನಿ ಹನಿ ಆಗಿ ಉರುಳಿದ್ರ ಅದ, ಹಾಳಿ ಹಾಳಿ ಹರಡಿ ನಿಂತ್ರ ಮತ್ತ ಹಚ್ಚೋ ಹೊತ್ತಾತು.

ನಾದಿನಿ ನಾಕು ಮೈಕ್ರೋಫೈಬರ್ ಅರಿವಿ ತಂದಾಳ, ಎರಡು ನೀಲಿ ಮೈಗೆ, ಎರಡು ಹಳದಿ ಗಾಲಿಗೆ. ಒಂದು ಮಾತು ನೆನಪಿಡ್ರಿ, ಇವನ್ನ ಟವೆಲ್ ಜೋಡಿ ಮಷೀನಿಗೆ ಹಾಕಬ್ಯಾಡ್ರಿ, ನೂಲೆಲ್ಲಾ ಹಿಡ್ಕೋತಾವ. ವಾಸನಿ ಚಂದ ಬರ್ಲಿ ಅಂತ ಸೀರಿಗೆ ಹಾಕೋ ಕಂಡೀಷನರ್ ಅಂತೂ ಬ್ಯಾಡಽ ಬ್ಯಾಡ, ಎಳಿಯೆಲ್ಲಾ ಮುಚ್ಚಿ ನೀರು ಹೀರೋದಽ ನಿಂತುಬಿಡ್ತದ. ಬರೇ ಸ್ವಲ್ಪ ಸಾಬಾಣ ನೀರು, ನೆಳ್ಳಾಗ ಒಣಹಾಕಿ ಮುಚ್ಚಿದ ಡಬ್ಬ್ಯಾಗ ಇಡ್ರಿ. ನೆಲಾ ಒರಸಾಕ ಯಾರಾರ ಎತ್ತಿಕೊಂಡು ಹೋಗಧಂಗ ಮ್ಯಾಲಿನ ಖಣದಾಗ ಇಟ್ರ ಇನ್ನೂ ಚೊಲೋ.