ಗೃಹವಿಚಾರ: ಎರಡು ದಿನದ ದ್ವೀಪಯಾತ್ರೆ

ಕಳೆದ ತಿಂಗಳು ಜರ್ಮನಿಯಲ್ಲಿರುವ ನಮ್ಮ ಮಗನಿಂದ ಒಂದು ಓಲೆ ಬಂದಿತು. ಓಲೆಯೆಂದರೆ ಈಗಿನ ಕಾಲದ ಓಲೆ. ಮೊಬೈಲಿನ ಗಾಜಿನ ಮೇಲೆ ಮೂಡಿ, ನಾವು ಕನ್ನಡಕವನ್ನು ಹುಡುಕುವಷ್ಟರಲ್ಲಿಯೇ ಉತ್ತರವನ್ನು ಬೇಡುವಂಥದು. "ಅಪ್ಪ, ಏಪ್ರಿಲಿನಲ್ಲಿ ನಾವು ನಾಲ್ಕು ದಿನ ಮಾಲ್ಟಾ ದ್ವೀಪಕ್ಕೆ ಹೋಗುತ್ತೇವೆ. ನೀವೂ ಅಮ್ಮನೂ ಬಂದುಬಿಡಿ" ಎಂದು ಅದರ ಸಾರಾಂಶ.

ಹಳೆಯ ಮೇಷ್ಟರ ಕೈ ತಾನಾಗಿಯೇ ಭೂಪಟದ ಪುಸ್ತಕಕ್ಕೆ ಹೋಯಿತು. ಯೂರೋಪು ಆಫ್ರಿಕಗಳ ನಡುವೆ ಇರುವುದರಿಂದ ಮೆಡಿಟರೇನಿಯನ್ ಎಂದು ಹೆಸರಾದ ಆ ಭೂಮಧ್ಯ ಸಮುದ್ರದಲ್ಲಿ, ಸಿಸಿಲಿಯ ದಕ್ಷಿಣಕ್ಕೆ, ಸಾಸಿವೆಕಾಳಿನಷ್ಟು ಒಂದು ಚುಕ್ಕೆ. ಉದ್ದ ಸುಮಾರು 27 ಕಿಲೋಮೀಟರು, ಅಗಲ ಸುಮಾರು 14. ಪಕ್ಕದಲ್ಲಿ ಗೋಜೋ ಎಂಬ ತಂಗಿ ದ್ವೀಪ. ಅಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಕಲ್ಲಿನ ದೇವಾಲಯಗಳಿವೆ. ವಲ್ಲೆಟ್ಟಾ ಎಂಬ ಕೋಟೆಯ ಪಟ್ಟಣಕ್ಕೆ 1566ರಲ್ಲಿ ಅಸ್ತಿಭಾರವಾಯಿತು. ಇದನ್ನೆಲ್ಲ ಅಡಿಗೆಮನೆಯ ಹೊಸ್ತಿಲ ಬಳಿ ನಿಂತು, ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಗೃಹಿಣಿಗೆ ಓದಿ ಹೇಳಿದೆವು.

ಆಕೆ ಕೈ ನಿಲ್ಲಿಸದೆಯೇ ಹೇಳಿದಳು: "ಅಷ್ಟು ದೂರದ ದ್ವೀಪ ಅಲ್ಲೇ ಇರಲಿ. ಶ್ರೀರಂಗಪಟ್ಟಣ ದ್ವೀಪವೆಂದು ನೀವೇ ಅಲ್ಲವೆ ಮಕ್ಕಳಿಗೆ ಪಾಠ ಹೇಳುತ್ತಿದ್ದುದು? ನಾನು ಅದನ್ನೇ ನೋಡಿಲ್ಲ."

"ಮೂರು ಸಲ ಹೋಗಿದ್ದೀಯಲ್ಲ!"

"ಹೋಗಿದ್ದೇನೆ. ಮಾವನವರ ಅಸ್ಥಿಯೊಡನೆ ಒಂದು ಸಲ, ಅತ್ತೆಯವರ ಅಸ್ಥಿಯೊಡನೆ ಒಂದು ಸಲ, ನಮ್ಮಣ್ಣ ಹೋದಾಗ ಒಂದು ಸಲ. ಮೂರು ಸಲವೂ ತಲೆ ತಗ್ಗಿಸಿಕೊಂಡು ಹೋದೆ, ತಲೆ ತಗ್ಗಿಸಿಕೊಂಡು ಬಂದೆ. ನೋಡುವುದು ಎಲ್ಲಿ ಬಂತು?"

ವಾಚಕ ಮಹಾಶಯರೇ, ಸೋದರಿಯರೇ, ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊಳಲಿನಿಂದ ಮಂಡ್ಯವು ಕೂಗಳತೆಯ ದೂರ. ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಒಂದು ಗಂಟೆಯ ಹಾದಿಯೂ ಅಲ್ಲ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಶಾಲೆಯ ಮಕ್ಕಳನ್ನು ಎಷ್ಟು ಸಲ ಅಲ್ಲಿಗೆ ಕರೆದೊಯ್ದೆವೆಂಬ ಲೆಕ್ಕವನ್ನು ನಾವೇ ಇಟ್ಟಿಲ್ಲ. ಪ್ರತಿ ಸಲವೂ ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಅಷ್ಟು ಮಕ್ಕಳಿಗೂ ಸಾಲುವಷ್ಟು ಪುಳಿಯೋಗರೆಯನ್ನು ಕಲಸಿ ಕೊಟ್ಟವಳು ಈಕೆ. ಪಾತ್ರೆ ಬಸ್ಸನ್ನು ಹತ್ತಿತು. ಪಾತ್ರೆಯನ್ನು ತುಂಬಿದವಳು ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ಆಕೆಗೂ ಒಂದು ಸ್ಥಳವಿರಬಹುದೆಂಬ ಯೋಚನೆ ನಮಗೆ ಒಮ್ಮೆಯಾದರೂ ಹೊಳೆಯಲಿಲ್ಲ. ಆದುದರಿಂದ ಈ ತಿಂಗಳ ಅಂಕಣವು ಉಪದೇಶವಲ್ಲ, ಪ್ರಾಯಶ್ಚಿತ್ತ. ನಮ್ಮ ಮನೆಯ ಯಾತ್ರೆಗಾಗಿ ಹಾಕಿದ ಕ್ರಮವನ್ನೇ ಇಲ್ಲಿ ಬರೆಯುತ್ತೇವೆ. ಇದೇ ಸ್ಥಿತಿಯಲ್ಲಿರುವ ಮನೆಗಳಿಗೆ ಉಪಯೋಗವಾದರೆ ಆಗಲಿ.

ಮೊದಲು ಒಂದು ಸಂದೇಹವನ್ನು ಪರಿಹರಿಸಬೇಕು. "ಶ್ರೀರಂಗಪಟ್ಟಣವೂ ಒಂದು ದ್ವೀಪವೇ?" ಎಂದು ನಗುವವರುಂಟು. ದ್ವೀಪಶಬ್ದದಲ್ಲಿರುವುದು 'ದ್ವಿ' ಮತ್ತು 'ಅಪ್' ಎಂಬ ಎರಡು ಪದಗಳು. ಅಪ್ ಎಂದರೆ ನೀರು. 'ದ್ವಿ'ಯ ಮುಂದೆ ಬಂದಾಗ ಅದರ ಅಕಾರವು ಈಕಾರವಾಗಬೇಕೆಂದು ಪಾಣಿನಿಯ ವಿಧಿ. ಎರಡು ಕಡೆ ನೀರುಳ್ಳದ್ದೇ ದ್ವೀಪ. ಸುತ್ತಲೂ ಸಮುದ್ರವಿರುವ ಮಾಲ್ಟಾಕ್ಕಿಂತ, ಕಾವೇರಿಯು ಎರಡು ಕವಲಾಗಿ ಹರಿದು, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುವ ನಮ್ಮ ಪಟ್ಟಣಕ್ಕೇ ಆ ಶಬ್ದವು ಅಕ್ಷರಶಃ ಒಪ್ಪುತ್ತದೆ. ಅದು ದ್ವೀಪವೆಂದು ನಮಗೆ ತೋರದಿರುವುದು ಸೇತುವೆಗಳ ದೋಷ. ರೈಲಿನಲ್ಲಿ ಹೋಗುವವರು ಒಂದು ನಿಮಿಷದಲ್ಲಿ ಹೊಳೆ ದಾಟುವರು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಆದ ಮೇಲಂತೂ ವಾಹನಗಳು ಊರನ್ನು ಹೊರಗಿಂದಲೇ ಬಳಸಿ ಹೋಗುವುವು. ಹೀಗೆ ಸಾವಿರಾರು ಜನ ದಿನವೂ ಹಾದುಹೋಗುವರೇ ಹೊರತು, ಇಳಿಯುವವರು ಕಡಮೆ.

ಈ ಎರಡು ದ್ವೀಪಗಳನ್ನು ಇತಿಹಾಸವು ಒಂದು ಎಳೆಯಿಂದ ಕಟ್ಟಿದೆ. ನೆಪೋಲಿಯನ್ನನು 1798ರ ಜೂನಿನಲ್ಲಿ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಮಾಲ್ಟಾವನ್ನು ಹಿಡಿದನು. ಮರುವರ್ಷ ಜನವರಿಯಲ್ಲಿ ಕೈರೋವಿನಿಂದ ಟಿಪ್ಪೂಸುಲ್ತಾನನಿಗೆ ಪತ್ರವನ್ನು ಬರೆದನು. ಅದು ನಡುದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಟಿಪ್ಪುವೂ ಬಿದ್ದನು. ಮಗನಿಗೆ ಇದನ್ನು ಬರೆದೆವು. "ನೀವು ಆ ದ್ವೀಪವನ್ನು ನೋಡಿಕೊಂಡು ಬನ್ನಿ, ನಾವು ಈ ದ್ವೀಪವನ್ನು ನೋಡಿರುತ್ತೇವೆ" ಎಂದೂ ಸೇರಿಸಿದೆವು.

ಇನ್ನು ಯಾತ್ರೆಯ ಕ್ರಮ. ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ವಿಚಾರಿಸಬೇಕೆಂದು ಹಿರಿಯರು ಹೇಳುವರು. ಯಾತ್ರೆಗೂ ಅದೇ ನಿಯಮ.

ಕಾಲ. ಆಷಾಢ ಶ್ರಾವಣಗಳಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ಬಾಗಿಲುಗಳನ್ನು ತೆರೆದರೆ ಹೊಳೆಯ ವೈಭವವನ್ನು ಹೇಳತೀರದು. ಆದರೆ ಆಗ ರಂಗನತಿಟ್ಟಿನಲ್ಲಿ ದೋಣಿಗಳನ್ನು ನಿಲ್ಲಿಸುವರು, ಸ್ನಾನಘಟ್ಟದ ಮೆಟ್ಟಿಲುಗಳು ನೀರೊಳಗಿರುವುವು. ಚೈತ್ರ ವೈಶಾಖಗಳಲ್ಲಿ ಕಲ್ಲು ಕಾಯುವುದು; ಬರಿಗಾಲಿನಲ್ಲಿ ದೇವಾಲಯದ ಪ್ರಾಕಾರವನ್ನು ಸುತ್ತಲಾಗದು. ಡಿಸೆಂಬರ್ ತಿಂಗಳು ಹಿತವಾದುದೇ, ಆದರೆ ಅದು ಶಾಲೆಗಳ ಪ್ರವಾಸದ ತಿಂಗಳು. ಆ ಗದ್ದಲವೇನೆಂದು ನಮಗೆ ತಿಳಿಯದೆ? ಅದನ್ನು ಮಾಡಿದವರಲ್ಲಿ ನಾವೂ ಒಬ್ಬರು. ಆದುದರಿಂದ ಸಂಕ್ರಾಂತಿ ಕಳೆದ ಮೇಲೆ, ರಥಸಪ್ತಮಿಯ ಜನಸಂದಣಿಗೆ ಸಿಕ್ಕದಂತೆ, ವಾರದ ನಡುವಿನ ಎರಡು ದಿನಗಳನ್ನು ಆರಿಸಿದ್ದೇವೆ. ಕೊಯ್ಲು ಮುಗಿದಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ, ಹಕ್ಕಿಗಳು ಗೂಡು ಕಟ್ಟುತ್ತಿರುತ್ತವೆ.

ದೇಶ. ಮೊದಲ ದಿನ ಬೆಳಗ್ಗೆ ನೇರವಾಗಿ ಕೋಟೆಗೆ ನುಗ್ಗದೆ ಕರಿಘಟ್ಟದ ಬೆಟ್ಟಕ್ಕೆ ಹೋಗುವುದು. ಮೆಟ್ಟಿಲು ಹತ್ತಲಾರದವರಿಗೆ ವಾಹನದ ರಸ್ತೆಯುಂಟು. ನಮ್ಮ ಗೃಹಿಣಿಯ ಮೊಣಕಾಲಿಗೆ ಅದೇ ಸರಿ. ಬೆಟ್ಟದ ಮೇಲಿನ ಶ್ರೀನಿವಾಸನ ದರ್ಶನವಾದ ಮೇಲೆ ನಿಂತು ನೋಡಿದರೆ, ಎರಡು ಕವಲುಗಳ ನಡುವೆ ತೋಟ ಗದ್ದೆಗಳ ಹಸುರನ್ನು ಹೊದ್ದು ಮಲಗಿರುವ ದ್ವೀಪವು ಕಾಣುವುದು. ಪಾಠಕ್ಕೆ ಮೊದಲು ಪಟವನ್ನು ತೋರಿಸಬೇಕೆಂಬುದು ನಮ್ಮ ಹಳೆಯ ಪದ್ಧತಿ.

ಅಲ್ಲಿಂದ ಇಳಿದು ಮಧ್ಯಾಹ್ನ ಬಾಗಿಲು ಹಾಕುವುದಕ್ಕೆ ಮೊದಲೇ ರಂಗನಾಥಸ್ವಾಮಿಯ ಗುಡಿಗೆ. ಗಂಗರ ಸಾಮಂತನಾದ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧಿ. ಮುಂದಿನ ರಾಜರು ಬೆಳೆಸಿದರು. ಊಟ, ವಿಶ್ರಾಂತಿಗಳಾದ ಮೇಲೆ ದರಿಯಾ ದೌಲತ್ ಎಂಬ ಬೇಸಗೆಯರಮನೆ. 1784ರಲ್ಲಿ ಸಿದ್ಧವಾದ ಈ ಮನೆಯ ಗೋಡೆಯಲ್ಲಿ 1780ರ ಪೊಲ್ಲಿಲೂರಿನ ಯುದ್ಧವನ್ನು ಬರೆದಿದ್ದಾರೆ. ಅವಸರ ಪಡದೆ ಆನೆ ಕುದುರೆಗಳನ್ನು ಒಂದೊಂದಾಗಿ ನೋಡಬೇಕು. ಅನಂತರ ಹೈದರಾಲಿ, ಟಿಪ್ಪು, ಟಿಪ್ಪುವಿನ ತಾಯಿ ಈ ಮೂವರೂ ಮಲಗಿರುವ ಗುಂಬಜ್. ಸಂಜೆಗೆ ಸಂಗಮ. ದಡದಲ್ಲಿ ಕುಳಿತು ನೋಡುವುದಷ್ಟೆ. ಗುರುತಿಲ್ಲದ ಮಡುವಿಗೆ ಇಳಿಯುವುದಾಗಲಿ, ಛಾಯಾಚಿತ್ರಕ್ಕಾಗಿ ಬಂಡೆಯಿಂದ ಬಂಡೆಗೆ ನೆಗೆಯುವುದಾಗಲಿ ಕೂಡದು. ಹೊಳೆಯು ತಾಯಿ ಹೌದು. ಆದರೆ ಈಜು ಬಾರದವನನ್ನು ಮಗನೆಂದು ಬಿಟ್ಟುಬಿಡುವ ತಾಯಿಯಲ್ಲ.

ರಾತ್ರಿ ದ್ವೀಪದಲ್ಲಿಯೇ ತಂಗಬೇಕು. ಮನೆ ಹತ್ತಿರವೆಂದು ಸಂಜೆಯೇ ಹಿಂದಿರುಗುವುದು ನಮ್ಮವರ ಸ್ವಭಾವ. ಹಾಗೆ ಮಾಡಿದರೆ ಗೃಹಿಣಿಯು ಬಂದವಳೇ ಒಲೆಯ ಮುಂದೆ ನಿಲ್ಲುವಳು. ಯಾತ್ರೆಯ ಫಲವೆಲ್ಲ ಆ ಒಲೆಗೇ ಆಹುತಿ. ಒಂದು ರಾತ್ರಿಯಾದರೂ ಮತ್ತೊಬ್ಬರು ಬೇಯಿಸಿದ್ದನ್ನು ಉಂಡು, ಪಾತ್ರೆಯನ್ನು ಮುಟ್ಟದೆ ಮಲಗುವುದೇ ಆಕೆಗೆ ಅರ್ಧ ಯಾತ್ರೆ.

ಎರಡನೆಯ ದಿನ ಬೆಳಗ್ಗೆ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಒಡ್ಡಿನಿಂದ ಉಂಟಾದ ತಿಟ್ಟುಗಳು ಇವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಇಲ್ಲಿಯ ಹಕ್ಕಿಗಳನ್ನು ಕಂಡು ಮೈಸೂರಿನ ಮಹಾರಾಜರಲ್ಲಿ ಅರಿಕೆ ಮಾಡಿಕೊಂಡ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಯನ್ನೂ ಸೇರಿತು. ದೊಡ್ಡ ದ್ವೀಪದ ಪಕ್ಕದಲ್ಲಿ ಮರಿ ದ್ವೀಪಗಳು. ದೋಣಿಯಲ್ಲಿ ಕುಳಿತಾಗ ಕೈಯನ್ನು ನೀರಿಗೆ ಇಳಿಬಿಡಬಾರದು, ಮೊಸಳೆಗಳಿವೆ. ಹಿಂದಿರುಗುವಾಗ ಸಮಯ ಉಳಿದರೆ ಕೋಟೆಯೊಳಗೆ ಟಿಪ್ಪುವಿನ ಮದ್ದಿನ ಮನೆಯನ್ನು ನೋಡಬಹುದು. ರೈಲಿನ ಜೋಡಿ ಹಳಿಗೆ ಅಡ್ಡವಾಗಿದ್ದ ಆ ಕಟ್ಟಡವನ್ನು 2017ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಮನೆಯ ಮಕ್ಕಳಿಗೆ ಇದೇ ಎಲ್ಲಕ್ಕಿಂತ ಸೊಗಸಾಗಿ ಕಂಡೀತು.

ಮೂರನೆಯ ದಿನವೊಂದು ದೊರೆಯುವವರು ಮಳವಳ್ಳಿಯ ಕಡೆಗೆ ತಿರುಗಿ ಶಿವನಸಮುದ್ರಕ್ಕೆ ಹೋಗಬಹುದು. ಅದೂ ಕಾವೇರಿಯ ದ್ವೀಪವೇ, ಮಧ್ಯರಂಗನ ನೆಲೆ. ಗಗನಚುಕ್ಕಿ, ಭರಚುಕ್ಕಿಗಳೆಂಬ ಎರಡು ಜಲಪಾತಗಳೂ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿದ ಶಕ್ತಿಕೇಂದ್ರವೂ ಅಲ್ಲಿವೆ. ನಾವು ಈ ಸಲ ಅಷ್ಟಕ್ಕೆ ಆಸೆಪಟ್ಟಿಲ್ಲ. ಎರಡು ದಿನಕ್ಕೆ ಎರಡು ದಿನದ ಕೆಲಸವೇ ಸಾಕು.

ಪಾತ್ರ. ಯಾರು ಹೋಗುವರು, ಏನನ್ನು ಒಯ್ಯುವರು ಎಂಬೆರಡೂ ಇದರಲ್ಲಿ ಅಡಗಿವೆ. ಹೋಗುವವರು ನಾವಿಬ್ಬರು ಮಾತ್ರ. ಒಯ್ಯುವುದು ಒಂದು ಚೀಲ: ಎರಡು ಜೊತೆ ಬಟ್ಟೆ, ಬೆಳಗಿನ ಚಳಿಗೆ ಶಾಲು, ನಿತ್ಯದ ಔಷಧಿ, ನೀರಿನ ತಂಬಿಗೆ, ವಸತಿಗೃಹದಲ್ಲಿ ಕೇಳುವ ಗುರುತಿನ ಚೀಟಿ, ಸಮೆದ ಮೆತ್ತನೆಯ ಚಪ್ಪಲಿ. ಹೊಸ ಚಪ್ಪಲಿ ಯಾತ್ರೆಯ ಶತ್ರು. ಊರೊಳಗೆ ತಿರುಗಲು ಆಟೋ ಹಿಡಿಯುವಾಗ ಸ್ಥಳಗಳನ್ನೆಲ್ಲ ಹೇಳಿ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. 2023ರ ಜೂನಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಹಣವಿಲ್ಲದ ಪ್ರಯಾಣವಾದುದರಿಂದ ನಮ್ಮ ಮನೆಯಲ್ಲಿ ಟಿಕೇಟಿನ ವೆಚ್ಚ ನಮ್ಮೊಬ್ಬರದೇ. "ಮೂವತ್ತೈದು ವರ್ಷ ನೀವೊಬ್ಬರೇ ಹೋದಿರಿ, ಈಗ ನೀವೊಬ್ಬರೇ ಕೊಡಿ" ಎಂದು ಆಕೆಯ ತೀರ್ಪು. ಪುಳಿಯೋಗರೆಯನ್ನು ಒಯ್ಯಕೂಡದೆಂದು ನಾವು ಆಜ್ಞೆ ಮಾಡಿದ್ದೇವೆ. ಆಜ್ಞೆ ನಡೆಯುವುದೆಂಬ ಭರವಸೆಯಿಲ್ಲ.

ಹೀಗೆ ಎಲ್ಲವನ್ನೂ ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ಆಕೆಯ ಕೈಗೆ ಕೊಟ್ಟೆವು. ಅದರಲ್ಲಿ ಪಶ್ಚಿಮವಾಹಿನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೆವು. ಕಾವೇರಿಯು ಪಶ್ಚಿಮಕ್ಕೆ ತಿರುಗಿ ಹರಿಯುವ ಆ ಘಟ್ಟದಲ್ಲಿ 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಿದರು; ನಮ್ಮ ಮನೆಯ ಮೂವರ ಅಸ್ಥಿಯನ್ನು ಬಿಟ್ಟುದೂ ಅಲ್ಲಿಯೇ. ಈ ಸಲವಾದರೂ ಆಕೆಗೆ ದುಃಖದ ನೆನಪು ಬೇಡವೆಂದು ನಮ್ಮ ಎಣಿಕೆ.

ಆಕೆ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ನಮ್ಮ ಲೇಖನಿಯನ್ನೇ ತೆಗೆದುಕೊಂಡು, ಎರಡನೆಯ ದಿನದ ಕೊನೆಯಲ್ಲಿ ತನ್ನ ದುಂಡಕ್ಷರದಲ್ಲಿ 'ಪಶ್ಚಿಮವಾಹಿನಿ' ಎಂದು ಬರೆದಳು.

"ಅಲ್ಲಿಗೇಕೆ?" ಎಂದೆವು.

"ಅಷ್ಟು ಹತ್ತಿರ ಹೋಗಿ ಅತ್ತೆಯವರನ್ನು ಮಾತನಾಡಿಸದೆ ಬರುವುದೆ? ನಿಮ್ಮ ಮಗ ಈ ಸಲ ನನ್ನನ್ನು ನೋಡುವುದಕ್ಕೆ ಕರೆದುಕೊಂಡು ಬಂದರು ಎಂದು ಹೇಳಿ ಬರುತ್ತೇನೆ."

ಕ್ರಮವನ್ನು ಹಾಕಿದವರು ನಾವು. ಅದನ್ನು ಪೂರ್ತಿ ಮಾಡಿದವಳು ಆಕೆ. ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮೇಲೆ ನಾವು ಹೊರಡುತ್ತೇವೆ. ವಾಚಕರ ಮನೆಗಳಲ್ಲಿಯೂ ಊರ ಪಕ್ಕದ ದ್ವೀಪವನ್ನು ನೋಡದೆ ಉಳಿದವರು ಯಾರಾದರೂ ಇದ್ದಾರೆಯೇ ಎಂದು ಅಡಿಗೆಮನೆಯ ಹೊಸ್ತಿಲ ಬಳಿ ನಿಂತು ಒಮ್ಮೆ ಕೇಳಿ ನೋಡಬೇಕಾಗಿ ವಿಜ್ಞಾಪನೆ.